ಜೆನ್ನರ್ ಮಹಾಶಯನ ಬರಹಗಳೂ ನಮ್ಮ ಕೊಟ್ಟಿಗೆಗಳೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳು ದನಕರುಗಳನ್ನು ನಂಬಿ ಬಾಳಿಬಂದ ಸೀಮೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಆಳಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದು, ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರನ್ನೇ ತನ್ನ ಮುಖ್ಯ ಠಾಣ್ಯವನ್ನಾಗಿ ಮಾಡಿಕೊಂಡಿದ್ದಿತು. ಹಿಂದೆ ಎಡತೊರೆ ತಾಲ್ಲೂಕೆನಿಸಿದ್ದ ಕೃಷ್ಣರಾಜನಗರದ ಸೀಮೆಯಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆಯನ್ನು ಅರಿಯದ ಒಕ್ಕಲಿಲ್ಲ. ಕೋಟೆಯ ಕಾಡಂಚಿನಲ್ಲಿ ಮೇಯುವ ದನವೂ ಕಾಡಿನ ಮೃಗವೂ ಒಂದೇ ಹಳ್ಳದ ನೀರನ್ನು ಕುಡಿಯುತ್ತವೆ. ಇಂತಹ ಸೀಮೆಯಲ್ಲಿ ಮನುಷ್ಯರ ಆಸ್ಪತ್ರೆಯೊಂದು, ದನಗಳ ಆಸ್ಪತ್ರೆಯೊಂದು ಒಂದೇ ಪೇಟೆಯಲ್ಲಿದ್ದರೂ ಒಂದರ ದಫ್ತರನ್ನು ಇನ್ನೊಂದು ತೆರೆದು ನೋಡುವುದು ಅಪರೂಪ. ಇವೆರಡನ್ನೂ ಒಂದೇ ಕಣ್ಣಿನಿಂದ ನೋಡಿ, ನೋಡಿದುದನ್ನು ಬರೆದು, ಬರೆದುದನ್ನು ಅಚ್ಚುಹಾಕಿಸಿ ಲೋಕಕ್ಕೆ ಉಪಕಾರ ಮಾಡಿದ ಎಡ್ವರ್ಡ್ ಜೆನ್ನರನ ಚರಿತ್ರೆಯನ್ನು ವಾಚಕರ ಮುಂದಿಡಬೇಕೆಂದು ನಾವು ಉದ್ದೇಶಿಸಿದ್ದೇವೆ. ಅವನ ಹೆಸರನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಅವನು ಏನೇನನ್ನು ಬರೆದನು, ಯಾವುದನ್ನು ಬರೆಯದೆ ಬಿಟ್ಟನು, ಬರೆದುದರಿಂದ ಏನಾಯಿತು ಎಂಬುದನ್ನು ವಿಚಾರಿಸಿದವರು ಕಡಿಮೆ.

ಇಂಗ್ಲೆಂಡಿನ ಗ್ಲಾಸ್ಟರ್ ಪ್ರಾಂತದ ಬರ್ಕ್ಲಿ ಎಂಬ ಸಣ್ಣ ಊರಿನಲ್ಲಿ ೧೭೪೯ನೆಯ ಇಸವಿ ಮೇ ೧೭ರಂದು ಜೆನ್ನರನು ಹುಟ್ಟಿದನು. ತಂದೆ ಆ ಊರಿನ ಇಗರ್ಜಿಯ ಪಾದ್ರಿ. ಬಾಲಕನಿಗೆ ಐದು ವರ್ಷವಾಗಿರುವಾಗಲೇ, ೧೭೫೪ರಲ್ಲಿ, ತಾಯಿತಂದೆಗಳಿಬ್ಬರೂ ತೀರಿಕೊಂಡರು. ಹಿರಿಯಣ್ಣನು ಸಾಕಿ ಬೆಳೆಸಿದನು. ಬರ್ಕ್ಲಿಯ ಸೀಮೆ ಹಾಲಿಗೂ ಗಿಣ್ಣಿಗೂ ಹೆಸರಾದುದು. ಹಸುರು ಹುಲ್ಲು, ಹಸುಗಳ ಮಂದೆ, ಬೆಳಗಿನ ಜಾವಕ್ಕೇ ಎದ್ದು ಹಾಲು ಕರೆಯುವ ಹೆಂಗಸರು, ಇವೇ ಅವನ ಕಣ್ಣಿಗೆ ಮೊದಲು ಬಿದ್ದ ಲೋಕ. ನಮ್ಮ ಲಕ್ಷ್ಮಣತೀರ್ಥದ ದಂಡೆಯ ಹುಡುಗನಿಗೆ ಈ ನೋಟವು ಅಪರಿಚಿತವಾದುದಲ್ಲ.

ಆ ಕಾಲದಲ್ಲಿ ಸಿಡುಬು ಯಾವ ಮನೆಯನ್ನೂ ಬಿಡುತ್ತಿರಲಿಲ್ಲ. ತಗುಲಿದವರಲ್ಲಿ ನೂರಕ್ಕೆ ೨೦ರಿಂದ ೩೦ ಮಂದಿ ಸಾಯುತ್ತಿದ್ದರು. ಬದುಕಿದವರು ಮುಖದ ಮೇಲೆ ಕಲೆಗಳನ್ನು ಹೊತ್ತು, ಕೆಲವರು ಕಣ್ಣುಗಳನ್ನೇ ಕಳೆದುಕೊಂಡು ಉಳಿಯುತ್ತಿದ್ದರು. ಇದಕ್ಕೆ ಪ್ರತೀಕಾರವಾಗಿ ರೋಗಿಯ ಗುಳ್ಳೆಯ ಕೀವನ್ನು ಸ್ವಲ್ಪವೇ ತೆಗೆದು ಆರೋಗ್ಯವಂತನ ಚರ್ಮದಲ್ಲಿ ಚುಚ್ಚಿ, ಸೌಮ್ಯವಾದ ಸಿಡುಬನ್ನು ಬೇಕೆಂದೇ ಬರಿಸುವ ಪದ್ಧತಿಯೊಂದು ಪೂರ್ವದೇಶಗಳಲ್ಲಿ ರೂಢಿಯಲ್ಲಿದ್ದಿತು. ನಮ್ಮ ದೇಶದ ಬಂಗಾಳದಲ್ಲಿ ಟೀಕಾದಾರರೆಂಬವರು ಊರೂರು ತಿರುಗಿ ಇದನ್ನು ಮಾಡುತ್ತಿದ್ದರು. ತುರ್ಕಿಯಲ್ಲಿ ಇದನ್ನು ಕಂಡ ಮೇರಿ ಮಾಂಟೆಗ್ಯು ಎಂಬ ಮಹಿಳೆಯು ೧೭೨೧ರಲ್ಲಿ ಇಂಗ್ಲೆಂಡಿನಲ್ಲಿಯೂ ಆಚರಣೆಗೆ ತಂದಳು. ಬಾಲಕ ಜೆನ್ನರನಿಗೂ ಎಂಟನೆಯ ವರ್ಷದಲ್ಲಿ ಈ ಕ್ರಿಯೆ ನಡೆಯಿತು. ಅದಕ್ಕೆ ಮುಂಚೆ ವಾರಗಟ್ಟಲೆ ಉಪವಾಸ ಕೆಡವಿ, ಭೇದಿ ಮಾಡಿಸಿ, ರಕ್ತ ತೆಗೆದು, ಇತರ ಹುಡುಗರೊಡನೆ ಲಾಯದಲ್ಲಿ ಕೂಡಿಟ್ಟಿದ್ದರು. ಈ ಪದ್ಧತಿಯಿಂದ ಸಾವು ಬಹಳ ಮಟ್ಟಿಗೆ ಕಡಿಮೆಯಾದರೂ, ನೂರರಲ್ಲಿ ಒಬ್ಬಿಬ್ಬರು ಸಾಯುತ್ತಿದ್ದರು. ಅದಕ್ಕಿಂತಲೂ ಕೇಡೆಂದರೆ ಚುಚ್ಚಿಸಿಕೊಂಡವನಿಂದ ನೆರೆಮನೆಯವರಿಗೆ ನಿಜವಾದ ಸಿಡುಬೇ ಹರಡುತ್ತಿದ್ದಿತು.

ಹುಡುಗನು ಹದಿನಾಲ್ಕರ ಸುಮಾರಿನಲ್ಲಿ ಸಾಡ್ಬರಿಯ ಲಡ್ಲೊ ಎಂಬ ಶಸ್ತ್ರವೈದ್ಯನ ಬಳಿ ಶಿಷ್ಯವೃತ್ತಿಗೆ ಸೇರಿ, ೧೭೭೦ರಲ್ಲಿ ಲಂಡನ್ನಿಗೆ ಹೋಗಿ ಜಾನ್ ಹಂಟರನ ಮನೆಯಲ್ಲಿಯೇ ಇದ್ದು ವಿದ್ಯೆ ಕಲಿತನು. ಹಂಟರನು ಮನುಷ್ಯನ ಶರೀರವನ್ನು ಮಾತ್ರ ಬಲ್ಲವನಲ್ಲ. ಮೀನು, ಹಕ್ಕಿ, ಮುಳ್ಳುಹಂದಿ, ಕುದುರೆ, ತಿಮಿಂಗಿಲ ಇವೆಲ್ಲದರ ಅಂಗರಚನೆಯನ್ನು ಸೀಳಿ ನೋಡಿ ಹೋಲಿಸಿದವನು. ೧೭೯೧ರಲ್ಲಿ ಲಂಡನ್ನಿನಲ್ಲಿ ಪಶುವೈದ್ಯ ಕಾಲೇಜು ಹುಟ್ಟಿದಾಗ ಅದಕ್ಕೆ ಬೆಂಬಲವಾಗಿ ನಿಂತವರಲ್ಲಿ ಅವನೂ ಒಬ್ಬನು. ಊಹೆಯಲ್ಲಿ ಕಾಲ ಕಳೆಯದೆ ಪ್ರಯೋಗ ಮಾಡಿ ನೋಡಬೇಕೆಂಬುದು ಅವನು ಶಿಷ್ಯನಿಗೆ ಕೊಟ್ಟ ಮುಖ್ಯ ಉಪದೇಶ. ಗುರುಶಿಷ್ಯರ ಕಾಗದಪತ್ರಗಳು ಹಂಟರನು ಸಾಯುವವರೆಗೂ, ಅಂದರೆ ೧೭೯೩ರವರೆಗೂ, ನಡೆದುವು. ಕುಕ್ಕನು ತಂದ ಸಸ್ಯಪ್ರಾಣಿಗಳ ಮಾದರಿಗಳನ್ನು ಕ್ರಮಪಡಿಸಿಕೊಟ್ಟ ಜೆನ್ನರನಿಗೆ ಆ ನಾವಿಕನ ಎರಡನೆಯ ಯಾತ್ರೆಯಲ್ಲಿ ಜೊತೆಗೂಡುವ ಅವಕಾಶವೂ ಬಂದಿತು. ಅವನು ಅದನ್ನು ಬೇಡವೆಂದು ತನ್ನೂರಿಗೆ ಹಿಂದಿರುಗಿ ಹಳ್ಳಿಯ ವೈದ್ಯನಾಗಿ ನೆಲೆಸಿದನು. ಪಟ್ಟಣದ ಕೀರ್ತಿಯನ್ನು ಬಿಟ್ಟು ಹುಟ್ಟೂರಿನಲ್ಲಿ ನಿಂತವನು ಲೋಕಪ್ರಸಿದ್ಧನಾದುದು ನಮ್ಮ ಯುವಕರು ಗಮನಿಸಬೇಕಾದ ಸಂಗತಿ.

ಜೆನ್ನರನಿಗೆ ವಿದ್ವಾಂಸರ ಮನ್ನಣೆಯನ್ನು ತಂದ ಬರಹವು ವೈದ್ಯಕ್ಕೆ ಸಂಬಂಧಿಸಿದುದೇ ಅಲ್ಲ. ಅದು ಕೋಗಿಲೆಯ ಜಾತಿಗೆ ಸೇರಿದ ಕಕ್ಕೂ ಎಂಬ ಹಕ್ಕಿಯ ವಿಷಯ. ಈ ಹಕ್ಕಿಯು ಪರರ ಗೂಡಿನಲ್ಲಿ ಮೊಟ್ಟೆಯಿಡುವುದು ಎಲ್ಲರಿಗೂ ತಿಳಿದಿದ್ದಿತು. ಆದರೆ ಆ ಗೂಡಿನ ಇತರ ಮರಿಗಳನ್ನು ಹೊರಕ್ಕೆ ತಳ್ಳುವವರಾರು ಎಂಬುದು ತಿಳಿದಿರಲಿಲ್ಲ. ಕಣ್ಣು ಬಿಡದ ಕಕ್ಕೂ ಮರಿಯೇ ತನ್ನ ಬೆನ್ನಿನ ಕುಳಿಯಲ್ಲಿ ಮೊಟ್ಟೆಯನ್ನೋ ಮರಿಯನ್ನೋ ಏರಿಸಿಕೊಂಡು ಗೂಡಿನ ಅಂಚಿನಿಂದ ಹೊರಕ್ಕೆ ನೂಕುವುದನ್ನೂ, ಹನ್ನೆರಡು ದಿನಗಳಲ್ಲಿ ಆ ಕುಳಿ ತುಂಬಿಹೋಗುವುದನ್ನೂ ಅವನು ಬರೆದು, ಅದು ೧೭೮೮ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಮರುವರ್ಷವೇ ಆ ಸಂಸ್ಥೆಯ ಸದಸ್ಯತ್ವ ದೊರೆಯಿತು. ಇದನ್ನು ನಂಬದೆ ನಕ್ಕವರು ಬಹಳ ಕಾಲ ಇದ್ದರು. ಇಪ್ಪತ್ತನೆಯ ಶತಮಾನದ ಛಾಯಾಚಿತ್ರಗಳು ಅವರ ಬಾಯನ್ನು ಮುಚ್ಚಿಸಿದುವು.

ಅವನು ಅಚ್ಚುಹಾಕಿಸದೆ ಉಳಿಸಿದ ಸಂಗತಿಯೂ ಒಂದುಂಟು. ಎದೆಯನ್ನು ಹಿಂಡುವ ಶೂಲೆಗೆ ಹೃದಯಕ್ಕೆ ರಕ್ತ ಕೊಡುವ ನಾಳಗಳು ಗಟ್ಟಿಕಟ್ಟುವುದೇ ಕಾರಣವೆಂದು ಶವಗಳನ್ನು ಪರೀಕ್ಷಿಸಿ ಅವನು ಕಂಡುಕೊಂಡಿದ್ದನು. ಆದರೆ ಆಗ ಗುರು ಹಂಟರನೇ ಆ ರೋಗದಿಂದ ನರಳುತ್ತಿದ್ದನು. ಸತ್ಯವನ್ನು ಪ್ರಕಟಿಸಿದರೆ ಗುರುವಿಗೆ ತನ್ನ ಮರಣದ ಓಲೆಯನ್ನು ಓದಿಸಿದಂತಾಗುವುದೆಂದು ಶಿಷ್ಯನು ಮೌನವಾಗಿದ್ದನು. ೧೭೯೩ರಲ್ಲಿ ಹಂಟರನು ಆ ಶೂಲೆಯಿಂದಲೇ ತೀರಿಕೊಂಡಾಗ ಜೆನ್ನರನ ಊಹೆ ನಿಜವೆಂದು ಕಂಡಿತು. ಮುಂದೆ ೧೭೯೯ರಲ್ಲಿ ಅವನ ಗೆಳೆಯ ಪ್ಯಾರಿ ಎಂಬ ವೈದ್ಯನು ಈ ವಿಷಯದ ಗ್ರಂಥವನ್ನು ಬರೆದು, ಮೊದಲ ಗೌರವವನ್ನು ಜೆನ್ನರನಿಗೇ ಸಲ್ಲಿಸಿದನು. ಹೆಸರಿಗಾಗಿ ಅವಸರಪಡದ ಸ್ವಭಾವವು ಇದರಿಂದ ತಿಳಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಸುವಿನ ಕೆಚ್ಚಲಿನ ಮೇಲೆ ಒಮ್ಮೊಮ್ಮೆ ಗುಳ್ಳೆಗಳೇಳುತ್ತಿದ್ದುವು. ಹಾಲು ಕರೆಯುವವರ ಕೈಗೂ ಅವು ಹತ್ತುತ್ತಿದ್ದುವು. ಕೆಲವು ದಿನ ಜ್ವರ, ಕಂಕುಳಲ್ಲಿ ನೋವು; ಆ ಮೇಲೆ ಗುಣ. ಹೀಗೆ ಗೋಸಿಡುಬು ಒಮ್ಮೆ ಬಂದವರಿಗೆ ಮನುಷ್ಯರ ಸಿಡುಬು ಬಾರದೆಂಬ ನಂಬಿಕೆ ಆ ಸೀಮೆಯ ಗೌಳಿಗರಲ್ಲಿ ಹಳೆಯದು. ಇದನ್ನು ಕಂಡುಹಿಡಿದವನು ಜೆನ್ನರನೆಂದು ಹೇಳುವುದು ಸರಿಯಲ್ಲ. ಕಂಡವರು ಹಾಲು ಕರೆಯುವ ಹೆಂಗಸರು. ೧೭೭೪ರಲ್ಲಿಯೇ ಡಾರ್ಸೆಟ್ ಪ್ರಾಂತದ ಬೆಂಜಮಿನ್ ಜೆಸ್ಟಿ ಎಂಬ ಒಕ್ಕಲಿಗನು ಊರಿಗೆ ಸಿಡುಬು ಬಂದಾಗ ಧೈರ್ಯಮಾಡಿ, ಹಸುವಿನ ಗುಳ್ಳೆಯ ರಸವನ್ನು ಸೂಜಿಯಿಂದ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಚುಚ್ಚಿದನು. ಅವರು ಉಳಿದುಕೊಂಡರು, ಊರಿನವರು ಅವನನ್ನು ನಿಂದಿಸಿದರು. ಜೆಸ್ಟಿ ಬರೆಯಲಿಲ್ಲ, ಇನ್ನೊಬ್ಬರಿಂದ ಬರೆಯಿಸಲೂ ಇಲ್ಲ. ಆದುದರಿಂದ ಅವನ ಜ್ಞಾನವು ಅವನ ಮನೆಯ ಮೂವರನ್ನು ಕಾಪಾಡಿ ಅಲ್ಲಿಗೇ ನಿಂತಿತು. ಇಪ್ಪತ್ತೆರಡು ವರ್ಷಗಳ ತರುವಾಯ ಜೆನ್ನರನು ಮಾಡಿದುದಾದರೂ ಅದೇ ಕೆಲಸ. ಆದರೆ ಅವನು ಪರೀಕ್ಷಿಸಿದನು, ಬರೆದನು, ಹಂಚಿದನು. ಲೋಕಕ್ಕೆ ಪ್ರಯೋಜನವಾದ ವ್ಯತ್ಯಾಸವು ಇಷ್ಟೇ. ಆದರೆ ಈ ಇಷ್ಟರಲ್ಲಿಯೇ ಎಲ್ಲವೂ ಇದೆ.

೧೭೯೬ನೆಯ ಇಸವಿ ಮೇ ೧೪ರಂದು ಸಾರಾ ನೆಲ್ಮ್ಸ್ ಎಂಬ ಹಾಲುಗಾರ್ತಿಯ ಕೈಯ ಗುಳ್ಳೆಯಿಂದ ರಸವನ್ನು ತೆಗೆದು, ತನ್ನ ತೋಟದ ಕೆಲಸಗಾರನ ಮಗನಾದ ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿನಲ್ಲಿ ಎರಡು ಗೀರುಗಳನ್ನೆಳೆದು ಅವನು ಸವರಿದನು. ಸಾರಾಳಿಗೆ ಗೋಸಿಡುಬನ್ನು ಹತ್ತಿಸಿದ ಹಸುವಿನ ಹೆಸರು ಬ್ಲಾಸಂ. ಅದರ ಚರ್ಮವನ್ನು ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಶಾಲೆಯಲ್ಲಿ ಕಾಪಾಡಿಟ್ಟಿದ್ದಾರೆ. ಹುಡುಗನಿಗೆ ಅಲ್ಪ ಜ್ವರ ಬಂದು ವಾಸಿಯಾಯಿತು. ಜುಲೈ ೧ರಂದು ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನು ಚುಚ್ಚಿದಾಗ ರೋಗ ಹತ್ತಲಿಲ್ಲ. ಬಡವನ ಮಗನ ಮೇಲೆ ನಡೆದ ಈ ಪರೀಕ್ಷೆಯನ್ನು ಇಂದಿನ ಯಾವ ವೈದ್ಯಸಂಸ್ಥೆಯೂ ಒಪ್ಪಲಾರದು. ನಾವೂ ಅದನ್ನು ಹೊಗಳುವುದಿಲ್ಲ. ಸಿಡುಬಿನ ಕೀವನ್ನು ಮಕ್ಕಳಿಗೆ ಚುಚ್ಚುವುದು ಆ ಕಾಲದ ನಿತ್ಯಪದ್ಧತಿಯಾಗಿದ್ದಿತೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು. ಲೋಕವು ಜೆನ್ನರನನ್ನು ನೆನೆಯುವಾಗ ಆ ಹುಡುಗನನ್ನೂ ಆ ಹಾಲುಗಾರ್ತಿಯನ್ನೂ ಜೊತೆಯಲ್ಲಿಯೇ ನೆನೆಯುವುದು ನ್ಯಾಯ.

ನಮ್ಮ ರಾಜ್ಯದ ಚರಿತ್ರೆಯಲ್ಲಿಯೂ ಆ ೧೭೯೬ನೆಯ ಇಸವಿ ದುಃಖದ ವರ್ಷ. ಶ್ರೀರಂಗಪಟ್ಟಣದಲ್ಲಿ ಅಧಿಕಾರವಿಲ್ಲದೆ ಇದ್ದ ಖಾಸಾ ಚಾಮರಾಜ ಒಡೆಯರು ಆ ವರ್ಷವೇ ಸಿಡುಬಿನಿಂದ ತೀರಿಕೊಂಡರೆಂದು ಹೇಳುತ್ತಾರೆ. ಎಳೆಯ ಮಗುವಾಗಿದ್ದ ಅವರ ಮಗನೇ ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರಾದರು. ಬರ್ಕ್ಲಿಯ ಕೊಟ್ಟಿಗೆಯ ಮಾತು ಮೈಸೂರಿನ ಅರಮನೆಯನ್ನು ಮುಟ್ಟಲು ಇನ್ನೂ ಕೆಲವು ವರ್ಷಗಳು ಬೇಕಾಗಿದ್ದುವು.

ಜೆನ್ನರನು ತಾನು ಕಂಡುದನ್ನು ಬರೆದು ೧೭೯೭ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದನು. ಹಕ್ಕಿಯ ವಿಷಯದ ಬರಹವನ್ನು ಆದರದಿಂದ ಅಚ್ಚುಹಾಕಿದ ಆ ಸಂಸ್ಥೆಯೇ ಈ ಬರಹವನ್ನು ಸ್ವೀಕರಿಸದೆ ಹಿಂದಿರುಗಿಸಿತು. ಒಬ್ಬ ಹುಡುಗನ ಮೇಲಿನ ಪರೀಕ್ಷೆ ಸಾಲದೆಂಬ ಅವರ ಆಕ್ಷೇಪಣೆಯಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಇನ್ನೊಬ್ಬನಾಗಿದ್ದರೆ ಮುನಿಸಿಕೊಂಡು ಕೈಬಿಡುತ್ತಿದ್ದನು. ಜೆನ್ನರನು ಬರ್ಕ್ಲಿಗೆ ಮರಳಿ, ಹಸುಗಳಲ್ಲಿ ಗೋಸಿಡುಬು ಮತ್ತೆ ಕಾಣಿಸಿಕೊಳ್ಳುವವರೆಗೂ ಕಾದಿದ್ದು, ಮತ್ತಷ್ಟು ಮಕ್ಕಳಿಗೆ ತೋಳಿನಿಂದ ತೋಳಿಗೆ ರಸವನ್ನು ಕೊಟ್ಟು ಪರೀಕ್ಷಿಸಿ, ೧೭೯೮ರಲ್ಲಿ ತನ್ನ ಸ್ವಂತ ಖರ್ಚಿನಿಂದಲೇ ಗ್ರಂಥವನ್ನು ಅಚ್ಚುಹಾಕಿಸಿದನು. ಅದರಲ್ಲಿ ಎಪ್ಪತ್ತೈದು ಪುಟಗಳು, ಇಪ್ಪತ್ತಮೂರು ವೃತ್ತಾಂತಗಳು, ಬಣ್ಣ ತುಂಬಿದ ನಾಲ್ಕು ಚಿತ್ರಗಳು ಇದ್ದುವು. ಗೋಸಿಡುಬಿಗೆ ಲ್ಯಾಟಿನ್ ಭಾಷೆಯಲ್ಲಿ ಅವನಿಟ್ಟ ಹೆಸರಿನಲ್ಲಿ ಹಸುವೆಂಬ ಅರ್ಥದ ವಾಕ್ಕಾ ಎಂಬ ಶಬ್ದವಿದೆ. ಇಂದು ಜಗತ್ತಿನ ಎಲ್ಲ ರೋಗಗಳ ಲಸಿಕೆಗೂ ವ್ಯಾಕ್ಸಿನ್ ಎಂದೇ ಹೆಸರು. ಎಂದರೆ ವೈದ್ಯರು ಈ ಶಬ್ದವನ್ನು ಉಚ್ಚರಿಸುವಾಗಲೆಲ್ಲ ತಿಳಿಯದೆಯೇ ಗೋವನ್ನು ಸ್ಮರಿಸುತ್ತಾರೆ.

ಈ ಗ್ರಂಥವನ್ನು ಹಿಂಬಾಲಿಸಿ ೧೭೯೯ರಲ್ಲಿಯೂ ೧೮೦೦ರಲ್ಲಿಯೂ ಎರಡು ಅನುಬಂಧಗಳನ್ನೂ, ೧೮೦೧ರಲ್ಲಿ ಈ ಶೋಧದ ಮೂಲವನ್ನು ತಿಳಿಸುವ ಸಣ್ಣ ಪುಸ್ತಕವನ್ನೂ ಅವನು ಪ್ರಕಟಿಸಿದನು. ಸಿಡುಬಿನ ಪೂರ್ಣ ನಿರ್ಮೂಲವೇ ಇದರ ಫಲವಾಗುವುದೆಂದು ಆ ೧೮೦೧ರ ಪುಸ್ತಕದಲ್ಲಿ ಅವನು ಮುಂದಾಗಿಯೇ ಸಾರಿದನು. ಅವನ ಬರಹಗಳಲ್ಲಿ ತಪ್ಪುಗಳೂ ಇದ್ದುವು. ಒಮ್ಮೆ ಲಸಿಕೆ ಪಡೆದವನಿಗೆ ಜನ್ಮಾಂತ್ಯದವರೆಗೂ ರಕ್ಷೆಯುಂಟೆಂದು ಅವನು ನಂಬಿದ್ದನು. ಕೆಲವು ವರ್ಷಗಳಿಗೊಮ್ಮೆ ಪುನಃ ಹಾಕಿಸಬೇಕೆಂಬುದು ಅನುಭವದಿಂದ ತಿಳಿಯಿತು. ಗೋಸಿಡುಬು ಕುದುರೆಯ ಹಿಮ್ಮಡಿಯ ಹುಣ್ಣಿನಿಂದ ಹಸುವಿಗೆ ಬರುವುದೆಂಬ ಅವನ ವಾದವನ್ನು ಸಮಕಾಲೀನರು ಹಾಸ್ಯಮಾಡಿದರು. ಆದರೆ ೧೯೦೨ರಲ್ಲಿ ಅಮೆರಿಕದಲ್ಲಿ ತಯಾರಾದ ಸಿಡುಬಿನ ಲಸಿಕೆಯೊಂದನ್ನು ೨೦೧೭ರಲ್ಲಿ ಪರೀಕ್ಷಿಸಿದ ವಿದ್ವಾಂಸರು, ಅದರೊಳಗಿನ ವಿಷಾಣುವು ಹಸುವಿನದಕ್ಕಿಂತ ಕುದುರೆಯ ಸಿಡುಬಿನದಕ್ಕೆ ಬಹಳ ಹತ್ತಿರವಾದುದೆಂದು ಪ್ರಕಟಿಸಿದರು. ಪ್ರಾಣಿಯಿಂದ ಪ್ರಾಣಿಗೆ, ಪ್ರಾಣಿಯಿಂದ ಮನುಷ್ಯನಿಗೆ ದಾಟುವ ರೋಗದ ಹಾದಿಯನ್ನು ಲಾಯದಲ್ಲಿ ನಿಂತು ನೋಡಿದವನ ನೋಟವು ಪೂರ್ತಿಯಾಗಿ ಹುಸಿಯಾಗಿರಲಿಲ್ಲ. ತಪ್ಪೋ ಸರಿಯೋ, ಕಂಡುದನ್ನು ಅಚ್ಚಿನಲ್ಲಿಟ್ಟವನನ್ನು ಮುಂದಿನವರು ತಿದ್ದಬಹುದು, ಬರೆಯದವನನ್ನು ತಿದ್ದಲಾರರು.

ವಿರೋಧವು ಕಡಿಮೆಯಿರಲಿಲ್ಲ. ಲಸಿಕೆ ಹಾಕಿಸಿಕೊಂಡವರಿಗೆ ಕೋಡು ಮೂಡುವುದೆಂದು ಚಿತ್ರ ಬರೆದು ಮಾರಿದರು. ಧರ್ಮಕ್ಕೆ ಹಾನಿಯೆಂದು ಬೋಧಿಸಿದರು. ಆದರೂ ಕೆಲವೇ ವರ್ಷಗಳಲ್ಲಿ ಗ್ರಂಥವು ಯೂರೋಪಿನ ಭಾಷೆಗಳಿಗೆ ಪರಿವರ್ತನವಾಯಿತು. ಜೆನ್ನರನು ತನ್ನ ವಿಧಾನವನ್ನು ಗುಟ್ಟಾಗಿಟ್ಟು ಹಣ ಮಾಡಬಹುದಾಗಿದ್ದಿತು. ಹಾಗೆ ಮಾಡದೆ, ಕೇಳಿದವರಿಗೆಲ್ಲ ರಸವನ್ನು ಒಣಗಿಸಿ ಕಳುಹಿಸುತ್ತ, ಕಾಗದಗಳಿಗೆ ಉತ್ತರ ಬರೆಯುತ್ತ, ತನ್ನ ಮನೆಯ ತೋಟದ ಗುಡಿಸಿಲಿನಲ್ಲಿ ಬಡವರಿಗೆ ಹಣವಿಲ್ಲದೆ ಲಸಿಕೆ ಹಾಕುತ್ತ, ವೃತ್ತಿಯ ಸಂಪಾದನೆಯನ್ನು ಕಳೆದುಕೊಂಡನು. ಇದನ್ನರಿತ ಪಾರ್ಲಿಮೆಂಟು ೧೮೦೨ರಲ್ಲಿ ೧೦,೦೦೦ ಪೌಂಡುಗಳನ್ನೂ ೧೮೦೭ರಲ್ಲಿ ೨೦,೦೦೦ ಪೌಂಡುಗಳನ್ನೂ ಅವನಿಗೆ ಕೊಟ್ಟಿತು. ಬಂಗಾಳ, ಮುಂಬಯಿ, ಮದರಾಸುಗಳಲ್ಲಿ ಸಂಗ್ರಹವಾಗಿ ಅವನಿಗೆ ಹೋದ ಕಾಣಿಕೆಯು ೭,೦೦೦ ಪೌಂಡುಗಳಿಗೂ ಮಿಗಿಲಾಗಿದ್ದಿತು.

ನಮ್ಮ ದೇಶಕ್ಕೆ ಆ ರಸವು ಬಂದ ಬಗೆ ಸೋಜಿಗವಾದುದು. ಹಡಗಿನ ದೀರ್ಘಯಾತ್ರೆಯಲ್ಲಿ ಅದು ಕೆಟ್ಟುಹೋಗುತ್ತಿದ್ದಿತು. ಕಡೆಗೆ ವಿಯೆನ್ನಾ ನಗರದ ದಿ ಕಾರೋ ಎಂಬ ವೈದ್ಯನ ಪ್ರಯತ್ನದಿಂದ ಕಾನ್‌ಸ್ಟಾಂಟಿನೋಪಲ್, ಬಾಗ್ದಾದು, ಬಸ್ರಾಗಳ ದಾರಿಯಾಗಿ ಮುಂಬಯಿಯನ್ನು ಸೇರಿ, ೧೮೦೨ನೆಯ ಇಸವಿ ಜೂನ್ ೧೪ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಮೊದಲ ಬಾರಿಗೆ ಹತ್ತಿತು. ಅಲ್ಲಿಂದ ಮುಂದಕ್ಕೆ ಮಗುವಿನಿಂದ ಮಗುವಿಗೆ, ತೋಳಿನಿಂದ ತೋಳಿಗೆ ಅದು ದೇಶವನ್ನೆಲ್ಲ ಸಂಚರಿಸಿತು. ಹೆಸರಿಲ್ಲದ ಆ ಮಕ್ಕಳ ತೋಳುಗಳೇ ಲಸಿಕೆಯ ಬಂಡಿಗಳಾದುವು. ಈ ಋಣವನ್ನು ಇತಿಹಾಸದ ಪುಸ್ತಕಗಳು ಜಮಾಖರ್ಚಿನಲ್ಲಿ ಬರೆದುಕೊಂಡಿಲ್ಲ.

ಮೈಸೂರಿನ ಅರಮನೆಯು ಈ ಹೊಸ ಕ್ರಿಯೆಯನ್ನು ಬೇಗ ಅಂಗೀಕರಿಸಿತು. ಮಹಾರಾಣಿ ಲಕ್ಷ್ಮಮ್ಮಣ್ಣಿಯವರೂ ದಿವಾನ್ ಪೂರ್ಣಯ್ಯನವರೂ ರಾಜ್ಯದ ಭಾರ ಹೊತ್ತಿದ್ದ ಕಾಲವದು. ಸುಮಾರು ೧೮೦೫ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಗಾರನು ಬರೆದ ಪಟವೊಂದರಲ್ಲಿ ಅರಮನೆಯ ಮೂವರು ಸ್ತ್ರೀಯರಿದ್ದಾರೆ. ಅವರಲ್ಲೊಬ್ಬರು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುವಂತಿದೆ. ಆಕೆ ಮುಮ್ಮಡಿಯವರ ರಾಣಿ ದೇವಾಜಮ್ಮಣ್ಣಿ ಎಂದೂ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಸ್ಥಳವೆಂದೂ, ಪ್ರಜೆಗಳಿಗೆ ಧೈರ್ಯ ಬರಲೆಂದೇ ಆ ಪಟವನ್ನು ಬರೆಯಿಸಿದರೆಂದೂ ಇತಿಹಾಸಜ್ಞರು ಅಭಿಪ್ರಾಯಪಟ್ಟಿದ್ದಾರೆ. ಆಜ್ಞೆಗಿಂತ ಆಚರಣೆಯು ಹೆಚ್ಚೆಂಬುದನ್ನು ಅರಮನೆಯ ಹೆಂಗಸರು ಬಲ್ಲವರಾಗಿದ್ದರು. ಊರಿನ ಮಾರಿಗುಡಿಗೆ ತಂಬಿಟ್ಟು ಒಪ್ಪಿಸುವ ಕೈಯೇ ಮಗುವನ್ನು ದಾಕು ಹಾಕುವವನ ಮುಂದೆ ಹಿಡಿಯಬೇಕಾದರೆ ಅಂತಹ ಮೇಲ್ಪಂಕ್ತಿಯೇ ಬೇಕು. ಮುಂದೆ ಬ್ರಿಟಿಷರು ೧೮೮೦ರಲ್ಲಿ ಕಾಯಿದೆಯಿಂದ ಬಲಾತ್ಕರಿಸಿದ ಕಡೆಗಳಲ್ಲಿ ಜನರು ಮಕ್ಕಳನ್ನು ಬಚ್ಚಿಟ್ಟುದೂ ಉಂಟು. ಪರರ ಅಧಿಕಾರದ ಕೈಯಿಂದ ಬಂದ ಒಳ್ಳೆಯದನ್ನೂ ಪ್ರಜೆಯು ಸಂಶಯದಿಂದ ನೋಡುವುದು ಸ್ವಾಭಾವಿಕ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಗೋಸಿಡುಬಿನ ಲಸಿಕೆಯನ್ನು ಧನ್ವಂತರಿಯೇ ಪ್ರಾಚೀನ ಗ್ರಂಥವೊಂದರಲ್ಲಿ ಬರೆದಿಟ್ಟಿದ್ದನೆಂಬ ವಾದವು ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಅಚ್ಚಾಗುತ್ತ ಬಂದಿದೆ. ಆಧಾರವೆಂದು ಹೇಳಿದ ಶ್ಲೋಕಗಳು, ಜನರನ್ನು ಲಸಿಕೆಗೆ ಒಪ್ಪಿಸಲೆಂದು ಆ ಕಾಲದಲ್ಲಿಯೇ ಕಟ್ಟಿದುವೆಂದು ಸಂಸ್ಕೃತ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ದೇಶಾಭಿಮಾನಕ್ಕೆ ಹುಸಿ ಪಟ್ಟೆಪತ್ರಗಳು ಬೇಕಿಲ್ಲ. ಟೀಕಾದಾರರ ಕೌಶಲವು ನಮ್ಮದು. ಅದು ನಿಜವಾದುದು, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳೋಣ. ಬರ್ಕ್ಲಿಯ ಹಾಲುಗಾರ್ತಿಯದನ್ನು ಆಕೆಗೇ ಬಿಡೋಣ.

ಕೀರ್ತಿಯ ಶಿಖರದಲ್ಲಿದ್ದಾಗಲೂ ಜೆನ್ನರನು ಕೊಟ್ಟಿಗೆಯನ್ನು ಮರೆಯಲಿಲ್ಲ. ಬರ್ಕ್ಲಿಯ ಪ್ರಭುವಿನ ಬೇಟೆನಾಯಿಗಳಿಗೆ ಒಂದು ಸಾಂಕ್ರಾಮಿಕ ಜ್ವರ ಬರುತ್ತಿದ್ದಿತು. ಮೂಗಿನಲ್ಲಿಯೂ ಕಣ್ಣಿನಲ್ಲಿಯೂ ಕೀವು ಸುರಿದು, ಕೆಮ್ಮಿ, ಮೈನಡುಗಿ ನಾಯಿಗಳು ಸಾಯುತ್ತಿದ್ದುವು. ಅದರ ಲಕ್ಷಣಗಳನ್ನು ವಿವರಿಸಿ, ಅದು ಹುಚ್ಚುನಾಯಿಯ ರೋಗವಲ್ಲವೆಂದು ಬೇರ್ಪಡಿಸಿ ಅವನು ಬರೆದ ಲೇಖನವು ೧೮೦೯ರಲ್ಲಿ ಲಂಡನ್ನಿನ ವೈದ್ಯರ ಸಂಘವೊಂದರ ಗ್ರಂಥಮಾಲೆಯ ಮೊದಲನೆಯ ಸಂಪುಟದಲ್ಲಿ ಅಚ್ಚಾಯಿತು. ಗರ್ಭದಲ್ಲಿರುವ ಶಿಶುವಿಗೂ ತಾಯಿಯ ಮೂಲಕ ಸಿಡುಬು ತಗುಲಬಹುದೆಂದು ತೋರಿಸುವ ಎರಡು ವೃತ್ತಾಂತಗಳ ಅವನ ಲೇಖನವೂ ಅದೇ ಸಂಪುಟದಲ್ಲಿದೆ. ನಾಯಿಯ ರೋಗವೂ ಗರ್ಭಸ್ಥ ಶಿಶುವಿನ ರೋಗವೂ ಒಂದೇ ಪುಸ್ತಕದೊಳಗೆ ಒಬ್ಬನದೇ ಲೇಖನಿಯಿಂದ! ಇಂದು ವೈದ್ಯಕ್ಕೆ ಒಂದು ಇಲಾಖೆ, ಪಶುವೈದ್ಯಕ್ಕೆ ಇನ್ನೊಂದು ಇಲಾಖೆ ಎಂದು ಗೋಡೆ ಕಟ್ಟಿಕೊಂಡಿರುವ ನಾವು ಆ ಸಂಪುಟವನ್ನು ಸ್ಮರಿಸಿಕೊಳ್ಳಬೇಕು.

ಅವನ ಕಡೆಯ ವರ್ಷಗಳು ಸುಖದಲ್ಲಿ ಕಳೆಯಲಿಲ್ಲ. ಹಿರಿಯ ಮಗನೂ, ೧೮೧೫ರಲ್ಲಿ ಹೆಂಡತಿಯೂ ಕ್ಷಯರೋಗಕ್ಕೆ ತುತ್ತಾದರು. ತನ್ನ ಮೊದಲ ಪರೀಕ್ಷೆಗೆ ತೋಳು ಕೊಟ್ಟ ಫಿಪ್ಸನು ದೊಡ್ಡವನಾಗಿ ಸಂಸಾರಿಯಾದಾಗ ಅವನಿಗೆ ವಾಸಕ್ಕೆ ಒಂದು ಮನೆಯನ್ನು ಬಿಟ್ಟುಕೊಟ್ಟನು. ೧೮೨೩ನೆಯ ಇಸವಿ ಜನವರಿ ೨೬ರಂದು ಪಾರ್ಶ್ವವಾಯುವಿನಿಂದ ಜೆನ್ನರನು ಕಾಲವಶನಾದನು. ದೇಶಾಂತರ ಹೋಗಿಬರುವ ಹಕ್ಕಿಗಳನ್ನು ಕುರಿತು ಅವನು ಬರೆದಿಟ್ಟಿದ್ದ ಲೇಖನವು ಮರುವರ್ಷ, ಮೊದಲು ಕಕ್ಕೂ ಹಕ್ಕಿಯ ಲೇಖನವನ್ನು ಅಚ್ಚುಹಾಕಿದ ಅದೇ ಪತ್ರಿಕೆಯಲ್ಲಿ ಬೆಳಕು ಕಂಡಿತು. ಹಕ್ಕಿಯಿಂದ ಹೊರಟ ಲೇಖನಿ ಹಸು, ಕುದುರೆ, ನಾಯಿ, ಮನುಷ್ಯಶಿಶುಗಳನ್ನು ಸುತ್ತಿ ಹಕ್ಕಿಯಲ್ಲಿಯೇ ನಿಂತಿತು. ಎಲ್ಲ ಬರಹಗಳನ್ನೂ ಕೂಡಿಸಿದರೂ ಒಂದು ಕಪಾಟು ತುಂಬದು. ಪುಟಗಳ ಸಂಖ್ಯೆಯಿಂದ ವಿದ್ವತ್ತನ್ನು ಅಳೆಯುವವರಿಗೆ ಇದೊಂದು ಪಾಠ.

ಅವನು ಬಿತ್ತಿದ ಬೀಜವು ಫಲವಾದುದನ್ನು ನಾವು ಕಂಡಿದ್ದೇವೆ. ತೋಳಿನಿಂದ ತೋಳಿಗೆ ಕೊಡುವ ರೂಢಿಯು ಹೋಗಿ ಕರುಗಳ ಮೈಮೇಲೆ ರಸವನ್ನು ಬೆಳೆಸುವ ಕ್ರಮ ಬಂದಿತು. ಬೆಂಗಳೂರಿನ ಲಸಿಕೆಯ ಸಂಸ್ಥೆಯಲ್ಲಿ ಅದನ್ನು ತಯಾರಿಸುವ ಕೆಲಸವನ್ನು ನಡೆಸಿದವರಲ್ಲಿ ತಿರುವಾಂಕೂರಿನಿಂದ ಬ��ದು ಮೈಸೂರಿನ ಸೇವೆಗೆ ಸೇರಿದ ಡಾಕ್ಟರ್ ಪಲ್ಪು ಅವರು ಪ್ರಸಿದ್ಧರು. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡುದು ೧೯೭೫ರಲ್ಲಿ. ಸೊಮಾಲಿಯದಲ್ಲಿ ಸ್ವಾಭಾವಿಕವಾಗಿ ರೋಗ ತಗುಲಿದ ಜಗತ್ತಿನ ಕೊನೆಯ ಮನುಷ್ಯನು ೧೯೭೭ರಲ್ಲಿ. ೧೯೮೦ರಲ್ಲಿ ಸಿಡುಬು ಭೂಮಿಯಿಂದ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮನುಷ್ಯನು ಪ್ರಯತ್ನಪೂರ್ವಕವಾಗಿ ಭೂಮಿಯಿಂದಲೇ ಅಳಿಸಿದ ಇನ್ನೊಂದು ರೋಗವು ಒಂದೇ ಒಂದು. ಅದು ಮಂದೆಮಂದೆಗಳನ್ನೇ ಬರಿದುಮಾಡುತ್ತಿದ್ದ ದನಗಳ ದೊಡ್ಡರೋಗ. ಅದು ಭಾರತದಲ್ಲಿ ಕಡೆಯದಾಗಿ ಕಂಡುದು ೧೯೯೫ರಲ್ಲಿ. ೨೦೧೧ರಲ್ಲಿ ಅದರ ಅಂತ್ಯವನ್ನೂ ಜಗತ್ತಿಗೆ ಘೋಷಿಸಿದರು. ಒಂದು ಮನುಷ್ಯನದು, ಒಂದು ದನದ್ದು. ಜೆನ್ನರನ ಕಣ್ಣುಗಳೂ ಎರಡೇ, ಅವೆರಡರ ಮೇಲೂ ನೆಟ್ಟಿದ್ದುವು.

ಈ ಚರಿತ್ರೆಯು ಮುಗಿದುಹೋದ ಕಥೆಯೆಂದು ವಾಚಕರು ಭಾವಿಸಬಾರದು. ೧೯೫೭ರಲ್ಲಿ ಶಿವಮೊಗ್ಗದ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗಲೇ ಸುತ್ತಣ ಹಳ್ಳಿಗರಿಗೆ ಹೊಸ ಜ್ವರ ಬಂದಿತು. ಉಣ್ಣೆಗಳ ಮೂಲಕ ಹತ್ತುವ ಆ ಮಂಗನ ಕಾಯಿಲೆಯು ೨೦೧೨ರಲ್ಲಿ ಕೋಟೆಗೆ ನೆರೆಯ ಬಂಡೀಪುರದ ಕಾಡಿನಲ್ಲಿಯೂ ಕಾಣಿಸಿಕೊಂಡಿತು. ೨೦೨೨ರಲ್ಲಿ ದನಗಳ ಮೈಮೇಲೆ ಗಂಟುಗಳೇಳುವ ಚರ್ಮಗಂಟು ರೋಗವು ಕರ್ನಾಟಕವನ್ನು ವ್ಯಾಪಿಸಿ, ದನಗಳ ಸಂತೆಗಳಿಗೂ ಜಾತ್ರೆಗಳಿಗೂ ಸರ್ಕಾರವು ತಡೆ ಹಾಕಬೇಕಾಯಿತು. ಆಗ ದನಗಳಿಗೆ ಹಾಕಿದ ಲಸಿಕೆ ಯಾವುದು? ಆಡಿನ ಸಿಡುಬಿಗೆಂದು ಮಾಡಿದ ಲಸಿಕೆಯೇ! ಒಂದು ಪ್ರಾಣಿಯ ಸೌಮ್ಯವಾದ ರೋಗವು ಇನ್ನೊಂದರ ಘೋರವಾದ ರೋಗಕ್ಕೆ ರಕ್ಷೆಯಾಗುವುದೆಂಬ ಬರ್ಕ್ಲಿಯ ತತ್ವವು ೨೨೬ ವರ್ಷಗಳ ತರುವಾಯ ನಮ್ಮ ಕೊಟ್ಟಿಗೆಗಳಲ್ಲಿ ಮರುಕಳಿಸಿತು. ಎಮ್ಮೆಯ ಸಿಡುಬು ಹಾಲು ಕರೆಯುವವರ ಕೈಗೆ ಹತ್ತುವುದನ್ನೂ ನಮ್ಮ ದೇಶದ ವೈದ್ಯರು ದಾಖಲಿಸಿದ್ದಾರೆ.

ಹೀಗಿರುವಾಗ ನಮ್ಮ ನಾಲ್ಕು ತಾಲ್ಲೂಕುಗಳ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ತಾಲ್ಲೂಕಿನ ವೈದ್ಯಾಧಿಕಾರಿಯೂ ಪಶುವೈದ್ಯಾಧಿಕಾರಿಯೂ ತಿಂಗಳಿಗೊಮ್ಮೆ ತಂತಮ್ಮ ದಫ್ತರುಗಳೊಡನೆ ಒಂದೇ ಮೇಜಿನ ಮುಂದೆ ಕುಳಿತುಕೊಳ್ಳಲಿ. ಯಾವ ಹಳ್ಳಿಯಲ್ಲಿ ಹಸುಗಳು ಕಂದು ಹಾಕಿದುವು, ಅದೇ ಹಳ್ಳಿಯಲ್ಲಿ ಯಾರಿಗೆ ಬಿಡದ ಜ್ವರ ಬಂದಿತು ಎಂಬುದನ್ನು ಹೋಲಿಸಿ ನೋಡಲಿ. ಕಾಡಿನಲ್ಲಿ ಮಂಗವೋ ಮೃಗವೋ ಸತ್ತು ಬಿದ್ದಿದ್ದರೆ ಅದನ್ನು ಮೊದಲು ಕಾಣುವವನು ಕೋಟೆಯ ಜೇನುಕುರುಬನು. ಕೆಚ್ಚಲಿನ ಗುಳ್ಳೆಯನ್ನು ಮೊದಲು ಕಾಣುವವಳು ಹಾಲು ಕರೆಯುವ ತಾಯಿ. ಅವರ ಮಾತನ್ನು ಕೇಳಿ ಬರೆದುಕೊಳ್ಳುವ ಲೇಖನಿ ಆಸ್ಪತ್ರೆಯಲ್ಲಿರಲಿ. ಬರೆದುದು ಮೇಲಿನ ಕಚೇರಿಯ ಕಡತದಲ್ಲಿ ಧೂಳು ತಿನ್ನದೆ, ವಿದ್ವಾಂಸರು ತಿದ್ದುವಂತೆ ಅವರ ಪತ್ರಿಕೆಗಳಲ್ಲಿಯೂ, ರೈತನು ಓದುವಂತೆ ಕನ್ನಡದಲ್ಲಿಯೂ ಅಚ್ಚಾಗಲಿ.

ಜೆಸ್ಟಿಯಂತಹ ಬುದ್ಧಿವಂತರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರು ಕಂಡುದು ಅವರೊಡನೆಯೇ ಮಣ್ಣಾಗುತ್ತಿದೆ. ನಮಗೆ ಕೊರತೆಯಾಗಿರುವುದು ಕಾಣುವವರದಲ್ಲ, ಕಂಡುದನ್ನು ಪರೀಕ್ಷಿಸಿ ಬರೆಯುವವರದು. ಹಳ್ಳಿಯ ವೈದ್ಯನೊಬ್ಬನ ಎಪ್ಪತ್ತೈದು ಪುಟಗಳು ಜಗತ್ತಿನಿಂದ ಒಂದು ಮಹಾಮಾರಿಯನ್ನು ಓಡಿಸಿದುವೆಂಬುದನ್ನು ನೆನೆದು, ನಮ್ಮ ತಾಲ್ಲೂಕಿನ ವೈದ್ಯರು ಇಂದಿನ ರೋಗಿಯ ವೃತ್ತಾಂತವನ್ನು ಇಂದೇ ಬರೆದಿಡುವರೆಂದು ನಂಬುತ್ತೇವೆ.